ಎಲೆಯ ಮೂಲೆಯ ಪಾಯಸ

ನನ್ನ ಗಂಡನ ಅಕ್ಕನ ಮಗಳು ಹೋದ ವರ್ಷ ತನ್ನ ಮೊದಲ ಸಿನಿಮಾ ಮಾಡಿದಳು. ಅದರ ಮುಖ್ಯವಾದ ಒಂದು ದೃಶ್ಯ ನಮ್ಮ ಮನೆಯದು. ಈ ಸಂಗತಿ ಗೊತ್ತಿದ್ದದ್ದು ಅವಳಿಗೆ ಮತ್ತು ನನಗೆ. ಗೊತ್ತಾಗಬಾರದಾಗಿದ್ದದ್ದು ನನ್ನ ಗಂಡನಿಗೆ ಮತ್ತು ನನ್ನ ಅಮ್ಮನಿಗೆ. ಆ ಇಬ್ಬರೂ ಎರ್ನಾಕುಲಂನ ನಮ್ಮ ಫ್ಲಾಟಿನಲ್ಲೇ ಬೆಳಗಿನಿಂದ ರಾತ್ರಿಯವರೆಗೆ ಇರುವವರು. ನನ್ನ ಪಾಡು ಯಾರಿಗೂ ಬೇಡ.

ಸಿನಿಮಾ ಹುಟ್ಟಿದ್ದು ಒಂದು ಹಳೆಯ ಮಲಯಾಳಂ ಕಾದಂಬರಿಯಿಂದ. ಇಲ್ಲಿಯವರೆಲ್ಲ ಶಾಲೆಯಲ್ಲಿ ಅದರ ತುಣುಕನ್ನು ಪಾಠವಾಗಿ ಓದಿದವರೇ. ಎರ್ನಾಕುಲಂಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲು, ಬ್ಯಾಂಕಿನವರು ನನ್ನನ್ನು ಮೈಸೂರಿನಿಂದ ತಿರುವನಂತಪುರಕ್ಕೆ ವರ್ಗ ಮಾಡಿದಾಗ ನಾನು ಮಲಯಾಳಂ ಅಕ್ಷರ ಕಲಿತದ್ದೂ ಆ ಪುಸ್ತಕ ಹಿಡಿದೇ. ಕಥೆ ನಡೆಯುವುದು ತಿರುವನಂತಪುರದ ಕೋಟೆಯೊಳಗೆ, ಅಜ್ಜಂದಿರ ಅಜ್ಜಂದಿರ ಕಾಲದಲ್ಲಿ. ಮೈಸೂರು ಸೀಮೆಯಿಂದ ಹೋಗಿ ನೆಲೆಸಿದ ಅಡಿಗೆಯವರೊಬ್ಬರ ಮಗಳು ನಾಯಕಿ. ನಾಯಕ ಒಬ್ಬ ಮಲಯಾಳಿ ಗುಮಾಸ್ತ. ಕಾದಂಬರಿಕಾರರು ಜಮೀನಿನ ವ್ಯಾಜ್ಯಕ್ಕೆ ಪುಟಗಟ್ಟಲೆ ಕೊಟ್ಟು ಪ್ರೀತಿಗೆ ಅರ್ಧ ಪುಟವನ್ನೂ ಪೂರ್ತಿ ಕೊಟ್ಟಿಲ್ಲ. ಹಬ್ಬದ ದಿನ ಅವನು ಊಟಕ್ಕೆ ಬರುತ್ತಾನೆ, ಅವಳು ಬಡಿಸುತ್ತಾಳೆ, ಅವನು ಉಂಡು ಹೋಗುತ್ತಾನೆ. ಮುಂದಿನ ಅಧ್ಯಾಯದಲ್ಲಿ ಇಬ್ಬರೂ ಒಬ್ಬರಿಗಾಗಿ ಒಬ್ಬರು ಪ್ರಾಣ ಬಿಡಲು ತಯಾರು. ನಡುವೆ ಏನಾಯಿತು ಎಂಬುದನ್ನು ಓದಿದವರೆಲ್ಲ ತಮಗೆ ಬೇಕಾದ ಹಾಗೆ ತುಂಬಿಕೊಂಡಿದ್ದಾರೆ. ಆದರೆ ಕ್ಯಾಮೆರಾ ಏನನ್ನು ತುಂಬಿಕೊಳ್ಳಬೇಕು?

ಹುಡುಗಿ ಭಾನುವಾರ ಭಾನುವಾರ ಸ್ಕ್ರಿಪ್ಟು ಹಿಡಿದು ನಮ್ಮ ಮನೆಗೆ ಬರುತ್ತಿದ್ದಳು. ಅವಳಿಗೆ ನಾನು ಸೋದರಮಾವನ ಹೆಂಡತಿ, ಮಲಯಾಳಿಗಳ ಬಾಯಲ್ಲಿ ಅಮ್ಮಾಯಿ. ನಾಯಕಿಯ ಮನೆ ಮೈಸೂರಿನವರದ್ದಾದ್ದರಿಂದ ಸೀರೆ, ರಂಗೋಲಿ, ಅಡಿಗೆ ಎಲ್ಲದಕ್ಕೂ ಅಮ್ಮಾಯಿಯೇ ಗತಿ. ಒಂದು ಭಾನುವಾರ ಬಂದವಳು ಚಪ್ಪಲಿ ಬಿಡುತ್ತಲೇ ಅಳುವ ಹಾಗಿದ್ದಳು. ಊಟದ ದೃಶ್ಯದಲ್ಲಿ ಏನೂ ನಡೆಯುವುದಿಲ್ಲ, ಅದನ್ನು ತೆಗೆದು ಹಿನ್ನೀರಿನಲ್ಲಿ ದೋಣಿ ಬಿಟ್ಟು ಒಂದು ಹಾಡು ಇಡು ಎಂದು ನಿರ್ಮಾಪಕರು ಹೇಳಿದ್ದರಂತೆ. ಕೋಟೆಯೊಳಗೆ ಹಿನ್ನೀರು ಎಲ್ಲಿಂದ ತರಲಿ ಎಂದಿದ್ದಕ್ಕೆ, ಹಾಗಾದರೆ ಕೊಳದಲ್ಲಿ ತೆಪ್ಪ ಬಿಡು ಎಂದರಂತೆ. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗಾಯಿತು ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಒಂದು ವಾರದೊಳಗೆ ಊಟದ ದೃಶ್ಯದಲ್ಲಿ ಏನಾದರೂ ನಡೆಯದಿದ್ದರೆ ತೆಪ್ಪವೇ ಖಾಯಂ ಎಂದಳು.

ನಾನು ಚಪಾತಿ ಲಟ್ಟಿಸುತ್ತಿದ್ದೆ. ಅಮ್ಮ ಒಳಕೋಣೆಯಲ್ಲಿ ಕಿವಿಯ ಯಂತ್ರ ತೆಗೆದಿಟ್ಟು ಮಲಗಿದ್ದಳು. ನನ್ನವರು ಸಂಜೆಯ ವಾಕಿಂಗಿಗೆ ಹೋಗಿದ್ದರು. ಬಾಯಿ ಬಿಡಲು ಇಷ್ಟು ಒಳ್ಳೆಯ ಗಳಿಗೆ ಮೂವತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ. ಬಿಟ್ಟೆ.

ನಮ್ಮ ಮದುವೆಗೆ ಮೊದಲು ಅವರು ಮೈಸೂರಿನ ನಮ್ಮ ಮನೆಗೆ ಯುಗಾದಿಯ ಊಟಕ್ಕೆ ಬಂದಿದ್ದರು. ಆಗ ಅವರು ತಿರುವನಂತಪುರದ ಪಕ್ಕದ ತುಂಬಾ ಎಂಬ ಊರಿನಲ್ಲಿ ರಾಕೆಟ್ಟಿನ ಕೆಲಸದಲ್ಲಿದ್ದರು. ಅಪ್ಪನಿಗೆ ರಾಕೆಟ್ ಎಂಬ ಒಂದು ಮಾತೇ ಸಾಕಾಗಿತ್ತು. ಅಮ್ಮನಿಗೆ ಭಾಷೆ ಬರದ ಅಳಿಯ ಎಂಬ ಅಳುಕು. ಆದರೂ ನಸುಕಿಗೇ ಎದ್ದು ಅಡಿಗೆ ಮಾಡಿದಳು. ನಮ್ಮಲ್ಲಿ ಎಲೆ ಹಾಕಿದ ಮೇಲೆ ಬಲಮೂಲೆಗೆ ಒಂದು ಚಮಚ ಪಾಯಸ ಬೀಳುತ್ತದೆ, ಉಣ್ಣುವವರು ಮೊದಲು ಅದನ್ನು ಬಾಯಿಗಿಟ್ಟು ಆಮೇಲೆ ಅನ್ನಕ್ಕೆ ಕೈಹಾಕುತ್ತಾರೆ. ತಿರುವನಂತಪುರದಲ್ಲಿ ಪಾಯಸ ಬರುವುದು ಸಾಂಬಾರೆಲ್ಲ ಮುಗಿದ ಮೇಲೆ. ನಮ್ಮ ಒಬ್ಬಟ್ಟಿನ ತಂಗಿಯಂತಿರುವ ಬೋಳಿಯನ್ನು ಎಲೆಗೆ ಹಾಕಿ, ಅದರ ಮೇಲೆ ಪಾಯಸ ಸುರಿದು, ಕಲಸಿ ಹೊಡೆಯುತ್ತಾರೆ. ಮೂಲೆಯಲ್ಲಿ ಬಿದ್ದ ಚಮಚ ಪಾಯಸವನ್ನು ಇವರು ಬರೀ ಮುನ್ಸೂಚನೆ ಎಂದುಕೊಂಡರು. ನಿಜವಾದದ್ದು ಹಿಂದಿನಿಂದ ಬರುತ್ತದೆ, ಆಗ ಎರಡನ್ನೂ ಸೇರಿಸಿ ತಿನ್ನೋಣ ಎಂದು ಕಾದರು. ಹುಳಿ ಬಂತು, ಸಾರು ಬಂತು, ಮೊಸರನ್ನ ಬಂತು. ಎಲ್ಲರೂ ಎದ್ದರು. ಇವರೂ ಕಕ್ಕಾಬಿಕ್ಕಿಯಾಗಿ ಎದ್ದರು. ರಾಕೆಟ್ಟಿನ ಲೆಕ್ಕ ಗೊತ್ತಿದ್ದವರಿಗೆ ಎಲೆಯ ಲೆಕ್ಕ ತಿಳಿಯಲಿಲ್ಲ.

ಎಲೆ ತೆಗೆಯಲು ಬಂದ ಅಮ್ಮ ಮೂಲೆಯ ಪಾಯಸ ಹಾಗೇ ಇದ್ದದ್ದನ್ನು ನೋಡಿದಳು. ಅಪ್ಪ ಒಪ್ಪಿದ್ದರಿಂದ ಮದುವೆಯೂ ನಡೆಯಿತು. ಆದರೆ ಅಂದಿನಿಂದ ಅಮ್ಮ ಅವರ ಎಲೆಯ ಮೂಲೆಗೆ ಪಾಯಸ ಹಾಕಿಲ್ಲ. ಊಟ ಮುಗಿದ ಮೇಲೆ ಒಂದು ಸ್ಟೀಲ್ ಬಟ್ಟಲಲ್ಲಿ ತುಂಬಿ, ಚಮಚ ಇಟ್ಟು, ಪಕ್ಕದಲ್ಲಿ ತಳ್ಳುತ್ತಾಳೆ. ಮದುವೆಯಾದ ಹೊಸತರಲ್ಲಿ ಯಾಕೆಂದು ಕೇಳಿದ್ದೆ. "ಬಟ್ಟಲಲ್ಲಾದ್ರೆ ಬಿಟ್ರೂ ಬಿಡ್ಲಿ. ನಾನು ಎಲೆಗೆ ಹಾಕಿದ್ದನ್ನ ಮುಟ್ದೇ ಎದ್ದುಹೋದ್ರೆ ನಂಗೆ ಇನ್ನೊಂದ್ಸಲ ತಡ್ಕೊಳ್ಳೋಕಾಗಲ್ಲ" ಎಂದಿದ್ದಳು. ಅವರ ಕಡೆಯ ಪದ್ಧತಿ ವಿವರಿಸಿದೆ. ಗಂಡನ ಪರ ಮಾತಾಡುವುದನ್ನು ಬೇಗ ಕಲಿತೆ ಎಂದು ನನಗೇ ಅಂದಳು.

ಇದಕ್ಕಿಂತ ತಮಾಷೆ ನನ್ನವರದು. ಆ ಬಟ್ಟಲು ತಮಗೆ ಸಂದ ವಿಶೇಷ ಮರ್ಯಾದೆ ಎಂದೇ ಅವರ ನಂಬಿಕೆ. ಕೇರಳದಲ್ಲಿ ಪಾಯಸ ಕೊನೆಗೆ ಎಂದು ತಿಳಿದು ಅತ್ತೆ ತಮ್ಮೊಬ್ಬರಿಗಾಗಿ ಪದ್ಧತಿಯನ್ನೇ ಬದಲಿಸಿದ್ದಾರೆ, ಅದರಲ್ಲೂ ಬಟ್ಟಲ ತುಂಬ, ಗೋಡಂಬಿ ಸಮೇತ, ಎಂದು ತಿರುವನಂತಪುರದ ಚಾಲೈ ಪೇಟೆಯ ಅಂಗಡಿಯವರಿಗೂ ಹೇಳಿದ್ದಾರೆ. ನಾನು ತಿದ್ದಲಿಲ್ಲ. ತಿದ್ದಿದರೆ ತಮ್ಮ ಹರುಕುಮುರುಕು ಕನ್ನಡದಲ್ಲಿ ಕ್ಷಮೆ ಕೇಳಲು ಹೋಗಿ ಇನ್ನೊಂದು ಅನಾಹುತ ಮಾಡುತ್ತಾರೆ ಎಂಬ ಭಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಸುಮ್ಮನಿದ್ದೆ. ಆದರೆ ಪ್ರತಿ ಹಬ್ಬಕ್ಕೂ ಆ ಬಟ್ಟಲು ಬಂದಾಗ ನಾನು ತಲೆ ತಗ್ಗಿಸಿ ನನ್ನ ಎಲೆಯನ್ನೇ ನೋಡುತ್ತಿದ್ದೆ. ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆಗೇ ಬಂದಳು, ಅವಳ ಮಾತ್ರೆ, ಕಣ್ಣಿನ ಡ್ರಾಪ್ಸು ಎಲ್ಲ ಇವರೇ ನೋಡಿಕೊಳ್ಳುತ್ತಾರೆ, ಆದರೂ ಬಟ್ಟಲು ಬಟ್ಟಲೇ. ಒಮ್ಮೆ, ಒಂದೇ ಒಂದು ಸಲ, ಅವಳು ಆ ಎಲೆಯ ಮೂಲೆಗೆ ಪಾಯಸ ಹಾಕುವುದನ್ನು ನೋಡಬೇಕೆಂದು ನನಗೆ ಆಸೆಯಿತ್ತು.

ಕಥೆ ಮುಗಿಯುವಷ್ಟರಲ್ಲಿ ಒಂದು ಚಪಾತಿ ಸುಟ್ಟು ಕರಕಾಗಿತ್ತು. ಹುಡುಗಿ ಪೆನ್ನು ಹುಡುಕುತ್ತಿದ್ದಳು. ಬೇಡ ಕಣೇ, ಇದು ಮನೆಯ ವಿಷಯ ಎಂದೆ. ಹೆಸರಿಲ್ಲ, ರಾಕೆಟ್ಟಿಲ್ಲ, ನೂರು ವರ್ಷ ಹಿಂದಿನ ಬಟ್ಟೆ ತೊಟ್ಟಿರುತ್ತಾರೆ, ಯಾರಿಗೆ ಗೊತ್ತಾಗುತ್ತೆ ಅಮ್ಮಾಯಿ ಎಂದಳು. ಆ ವಾರ ತೆಪ್ಪ ಮುಳುಗಿತು.

ಕೋಟೆಯೊಳಗಿನ ಒಂದು ಹಳೆಯ ಮನೆಯಲ್ಲಿ ಚಿತ್ರೀಕರಣ. ಎಲೆ ಹಾಕಲು, ಬಡಿಸುವುದನ್ನು ನಾಯಕಿಗೆ ಕಲಿಸಲು ನಾನು ರಜೆ ಹಾಕಿ ಹೋದೆ. ಎಲೆಯನ್ನೂ ಬೋಳಿಯನ್ನೂ ಚಾಲೈನಿಂದ ತರುವ ಹೊಣೆ ಹೊತ್ತು ನನ್ನವರೂ ಬಂದರು, ಬರಬೇಡಿ ಎಂದರೆ ಕೇಳುವವರಲ್ಲ. ನಾಯಕ ನಟನಿಗೆ ಜಿಮ್ಮಿನ ಗುರುಗಳು ಸಕ್ಕರೆ ಬೆಲ್ಲ ಎರಡನ್ನೂ ನಿಷೇಧಿಸಿದ್ದರಿಂದ ಅವನಿಗಾಗಿ ಸಪ್ಪೆ ಪಾಯಸ ಮಾಡಿದ್ದರು. ಆಸೆಯಿಂದ ಮೂಲೆಯನ್ನು ನೋಡು ಎಂದರೆ ಅವನು ಕಷಾಯ ನೋಡುವ ಹಾಗೆ ನೋಡುತ್ತಿದ್ದ. ಒಂಬತ್ತನೆಯ ಟೇಕಿಗೆ ಹುಡುಗಿ ತಾಳ್ಮೆಗೆಟ್ಟು ನಿಜವಾದ ಪಾಯಸ ಹಾಕಿಸಿದಳು. ಕಣ್ಣಿಗೆ ಆಸೆ ತಾನಾಗಿ ಬಂತು.

ಕಾದು ಕಾದು ಅವನು ಏಳುವ ಶಾಟ್. ಮಜ್ಜಿಗೆ ಬಂದ ಮೇಲೂ ಅವನ ಕಣ್ಣು ಅಡಿಗೆಮನೆಯ ಬಾಗಿಲ ಕಡೆಗೇ. ಅಕ್ಕಪಕ್ಕದವರು ಏಳುತ್ತಾರೆ. ಅವನ ಕೈ ಎಲೆಯ ಮೇಲೆ ಅರ್ಧಕ್ಕೆ ನಿಲ್ಲುತ್ತದೆ, ನಾಚಿಕೆಯಿಂದ ಹಿಂದೆ ಬರುತ್ತದೆ. ಮಾನಿಟರಿನ ಮುಂದೆ ನನ್ನ ಪಕ್ಕದಲ್ಲೇ ನಿಂತಿದ್ದ ನನ್ನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಂಥ ಪೆದ್ದ, ಮುಂದಿಟ್ಟದ್ದನ್ನು ತಿನ್ನಲು ಗೊತ್ತಿಲ್ಲವಲ್ಲ ಎಂದರು. ಅವರಿಗೆ ಆ ಯುಗಾದಿಯ ಎಲೆ ನೆನಪೇ ಇರಲಿಲ್ಲ! ಹುಡುಗಿ ಹೆಡ್‌ಫೋನ್ ಕಿವಿಗೊತ್ತಿ ಬೇರೆ ಕಡೆ ತಿರುಗಿದಳು. ನಾನು ನೀರು ಕುಡಿಯಲು ಹೋದೆ.

ಸಿನಿಮಾ ಬಿಡುಗಡೆಗೆ ಮೊದಲು ಎರ್ನಾಕುಲಂನಲ್ಲಿ ಮನೆಯವರಿಗೆಂದು ಒಂದು ಪ್ರದರ್ಶನ ಇಟ್ಟರು. ಅಮ್ಮನಿಗೆ ಮಲಯಾಳಂ ಇಷ್ಟು ವರ್ಷವಾದರೂ ಬರುವುದಿಲ್ಲ, ತರಕಾರಿಯವನ ಹತ್ತಿರವೂ ಕನ್ನಡದಲ್ಲೇ ಚೌಕಾಸಿ. ಅರ್ಥವಾಗುವುದಿಲ್ಲ, ಮನೆಯಲ್ಲೇ ಇರು ಎಂದು ಎರಡು ಸಲ ಹೇಳಿದೆ. ಅವಳು ರೇಷ್ಮೆ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದಳು.

ಊಟದ ದೃಶ್ಯ ಬಂದಾಗ ನಾನು ಪರದೆಯನ್ನಲ್ಲ, ಅಮ್ಮನನ್ನು ನೋಡಿದೆ. ನಾಯಕಿ ಎಲೆ ತೆಗೆಯಲು ಬಗ್ಗಿ ಮೂಲೆಯ ಪಾಯಸ ಕಂಡು ಅಲ್ಲೇ ಕೂತುಬಿಡುತ್ತಾಳೆ. ಅಮ್ಮ ಕಿವಿಯ ಯಂತ್ರವನ್ನು ಸರಿಮಾಡಿಕೊಂಡಳು, ಅಲ್ಲಿ ಮಾತೇ ಇರಲಿಲ್ಲ. ಆಮೇಲಿನದು ಹುಡುಗಿ ತಾನೇ ಕಟ್ಟಿದ್ದು. ನಾಯಕ ಇನ್ನೊಂದು ದಿನ ತನ್ನ ಮನೆಯಲ್ಲಿ ಉಣ್ಣುತ್ತಿರುತ್ತಾನೆ. ಅವನ ತಾಯಿ ಬೋಳಿಯ ಮೇಲೆ ಪಾಯಸ ಸುರಿಯುತ್ತಾಳೆ. ಅವನ ಕೈ ನಿಲ್ಲುತ್ತದೆ. ಆ ಮನೆಯಲ್ಲಿ ತಾನು ಬಿಟ್ಟು ಬಂದದ್ದು ಏನೆಂದು ಆಗ ಹೊಳೆಯುತ್ತದೆ. ಎಂಜಲು ಕೈಯಲ್ಲೇ ಎದ್ದು, ಉರಿಬಿಸಿಲಲ್ಲಿ, ಕೋಟೆಯ ಬೀದಿಯುದ್ದಕ್ಕೂ ಅವಳ ಮನೆಗೆ ಓಡುತ್ತಾನೆ. ನನ್ನವರು ಕರವಸ್ತ್ರ ತೆಗೆದು ಗಟ್ಟಿಯಾಗಿ ಮೂಗು ಒರೆಸಿಕೊಂಡರು. ಇನ್ನೂ ಏನೂ ತಿಳಿದಿರಲಿಲ್ಲ.

ಹಿಂದಿರುಗುವಾಗ ಮೆಟ್ರೋದಲ್ಲಿ ಅವರಿಗೆ ಎದುರಿನ ಸೀಟು ಸಿಕ್ಕಿತು, ಫೋನಿನಲ್ಲಿ ಮುಳುಗಿದರು. ಎರಡು ನಿಲ್ದಾಣ ದಾಟಿದ ಮೇಲೆ ಅಮ್ಮ ನನ್ನ ಮೊಣಕೈ ಹಿಡಿದುಕೊಂಡು, ಆ ಹುಡುಗಿಗೆ ಹೇಳಿದ್ದು ನೀನೇನಾ ಎಂದು ಕೇಳಿದಳು. ಹೌದು ಎಂದೆ. ಬೈಗುಳಕ್ಕೆ ಸಿದ್ಧಳಾಗಿ ಕೂತೆ. ಅವಳು ಎದುರಿನ ಸೀಟನ್ನೇ ನೋಡುತ್ತಿದ್ದಳು.

"ನಾನು ಎಲೆ ನೋಡಿದೆ ಕಣೇ," ಎಂದಳು. "ಮುಖ ನೋಡ್ಲಿಲ್ಲ. ಹೀಗೇ ಕಾದ್ಕೊಂಡು ಕೂತಿದ್ರೇನೋ, ಪಾಪ."

ನನಗೆ ಅಳು ಬಂತು. ಮೆಟ್ರೋದ ತುಂಬ ಜನ, ಆದರೂ ಬಂತು.

ಮರುದಿನ ಹಬ್ಬವಿರಲಿಲ್ಲ, ಹುಣ್ಣಿಮೆಯೂ ಅಲ್ಲ. ಅಮ್ಮ ಬೆಳಿಗ್ಗೆ ಎದ್ದು ಹೆಸರುಬೇಳೆ ಹುರಿದಳು. ನನ್ನನ್ನು ಅಡಿಗೆಮನೆಯಿಂದ ಆಚೆ ಕಳಿಸಿದಳು. ಮಧ್ಯಾಹ್ನ ಊಟದ ಮೇಜಿಗೆ ಮೂರು ಎಲೆ ಹಾಕಿ, ಸೊಂಟ ಹಿಡಿದುಕೊಂಡು ಬಗ್ಗಿ, ಮೊದಲು ನನ್ನವರ ಎಲೆಯ ಬಲಮೂಲೆಗೆ ಒಂದು ಚಮಚ ಪಾಯಸ ಹಾಕಿದಳು. ಹಾಕಿ ಅಲ್ಲೇ ನಿಂತಳು. ಅವರು ಎಲೆ ನೋಡಿದರು, ಅವಳನ್ನು ನೋಡಿದರು, ಎಂದಿನಂತೆ ಅನ್ನಕ್ಕೆ ಕೈಹಾಕಲು ಹೊರಟರು. ನಾನು ಮೇಜಿನಡಿಯಲ್ಲಿ ಅವರ ಕಾಲು ತುಳಿದೆ.

"ಮೊದಲು ಅದನ್ನ ತಗೊಳ್ಳಿ," ಎಂದಳು ಅಮ್ಮ.

ತಗೊಂಡರು. ಒಂದೇ ಬೆರಳಿಗೆ ಮುಗಿದುಹೋಯಿತು. ಆಮೇಲೆ ಹುಳಿ, ಸಾರು, ಮೊಸರನ್ನ. ಅವರು ಕೈ ತೊಳೆಯಲು ಏಳದೆ ಅಡಿಗೆಮನೆಯ ಬಾಗಿಲನ್ನೇ ನೋಡುತ್ತಾ ಕೂತರು, ಥೇಟ್ ಆ ನಟನ ಹಾಗೆ. ಕೊನೆಗೆ ತಮ್ಮ ಕನ್ನಡದಲ್ಲಿ ಕೇಳಿಯೇಬಿಟ್ಟರು, "ಅಮ್ಮಾ, ನನ್ನ ಬಟ್ಟಲು?"

"ಬಟ್ಟಲು ಬಂದುಹೋಗೋರಿಗೆ," ಎಂದು ಅಮ್ಮ ಅವರ ಎಲೆಯನ್ನು ತಾನೇ ಮಡಚಿ ಎತ್ತಿಕೊಂಡು ಒಳಗೆ ಹೋದಳು.

ಅವರಿಗೆ ಮಾತು ಅರ್ಥವಾಯಿತೋ ಇಲ್ಲವೋ, ಗೋಡಂಬಿ ಹೋದದ್ದು ಮಾತ್ರ ಚೆನ್ನಾಗಿ ಅರ್ಥವಾಯಿತು. ಕೈ ತೊಳೆದು ಬಂದು ನನ್ನ ಹತ್ತಿರ ಮೆಲ್ಲಗೆ ಮಲಯಾಳಂನಲ್ಲಿ ಕೇಳಿದರು: ಮೂವತ್ತು ವರ್ಷದಿಂದ ಇದ್ದ ಮರ್ಯಾದೆ ಒಂದೇ ದಿನದಲ್ಲಿ ಹೋಯಿತಲ್ಲ, ನಿಮ್ಮಮ್ಮನಿಗೆ ನನ್ನ ಮೇಲೆ ಯಾಕೆ ಕೋಪ?