ಕಚ್ಚಾ ತೈಲ ಇಳಿದಾಗ ನಾನು ಆಡದ ಮಾತು

ಬೈಲಹೊಂಗಲದಿಂದ ಸವದತ್ತಿಗೆ ನಾನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಕ್ರೂಸರ್ ಗಾಡಿಯಲ್ಲಿ, ಸೀಟಿಗಿಷ್ಟು ಎಂದು ಕೊಟ್ಟು, ಓಡಾಡಿದೆ. ಸವದತ್ತಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಬಸ್ಸಿಗೆ ಕಾದರೆ ಮೊದಲ ತರಗತಿ ತಪ್ಪುತ್ತಿತ್ತು. ಆ ಗಾಡಿಯ ಚಾಲಕ ನನಗಿಂತ ಏಳೆಂಟು ವರ್ಷ ದೊಡ್ಡವನು. ಸ್ಟ್ಯಾಂಡಿನ ಡ್ರೈವರುಗಳೆಲ್ಲ ಅವನನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವರಿಗೆಲ್ಲ ನಾನು ಬಾಯಾರು, ಅಂದರೆ ಮೇಡಂ. ಬೆಳಗಿನ ನಮಾಜು ಮುಗಿಸಿ ಬಂದು, ಮುಂದಿನ ಸೀಟು ಒರೆಸಿ, ನನಗಾಗಿ ಅದನ್ನು ಹಿಡಿದಿಡುತ್ತಿದ್ದ.

ಒಂದು ದಿನ ನಾನು ಪತ್ರಿಕೆ ಓದುತ್ತಿದ್ದಾಗ ಅವನು ಕೇಳಿದ. "ಬಾಯಾರ, ಈ ಎಣ್ಣಿ ದೇಶದವ್ರು ಸಭಾ ಮಾಡಿ ಎಣ್ಣಿ ಕಡಿಮಿ ತೆಗಿತಾರಂತಲ್ರಿ? ಕಡಿಮಿ ತೆಗದ್ರ ಅವರಿಗೇ ಲುಕ್ಸಾನ ಅಲ್ಲೇನ್ರಿ?"

"ಎಲ್ಲಾರೂ ಮನಸಿಗೆ ಬಂದಂಗ ತೆಗದ್ರ ರೇಟ್ ಬೀಳತೈತಿ ಚಾಚಾ. ಅದಕ್ಕ ಕುಂತು ಮಾತಾಡತಾರ. ನೀ ಇಷ್ಟ ತೆಗಿ, ಅವ ಅಷ್ಟ ತೆಗೀಲಿ ಅಂತ."

ಅವನು ಗೇರು ಬದಲಿಸಿ ಮುಂದಿನ ತಿರುವು ದಾಟಿಸಿದ. ಆಮೇಲೆ ನಕ್ಕ. "ಹಂಗಾರ ನಮ್ಮ ಪಾಳಿ ಇದ್ದಂಗ ಬಿಡ್ರಿ!"

ಅಷ್ಟು ಚೆಂದದ ಉದಾಹರಣೆ ನನ್ನ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಸ್ಟ್ಯಾಂಡಿನಲ್ಲಿ ಅವರೂ ಹಾಗೆಯೇ ಮಾಡುತ್ತಿದ್ದರು. ಎಲ್ಲ ಗಾಡಿಗಳೂ ಒಟ್ಟಿಗೆ ಹೊರಟರೆ ಯಾರಿಗೂ ಗಿರಾಕಿ ಸಾಲುತ್ತಿರಲಿಲ್ಲ. ಹಾಗಾಗಿ ಒಬ್ಬರ ನಂತರ ಒಬ್ಬರು, ದಿನಕ್ಕೆ ಇಂತಿಷ್ಟೇ ಖೇಪು, ಅಂದರೆ ಇಂತಿಷ್ಟೇ ಸುತ್ತು, ಎಂದು ಮಾತಾಗಿತ್ತು. ಆ ಪಾಳಿಯನ್ನು ನಿಭಾಯಿಸುತ್ತಿದ್ದವನು ಚಾಚಾನೇ.

"ಕದ್ದು ಒಂದ್ ಖೇಪ ಜಾಸ್ತಿ ಹೊಡಿಯವ್ರು ಅಲ್ಲೂ ಇರತಾರೇನ್ರಿ?"

"ಇರತಾರ. ಒಪ್ಪಿಕೊಂಡಿದ್ದಕ್ಕಿಂತ ಜಾಸ್ತಿ ತೆಗದು ಮಾರತಾರ."

"ಮನಷ್ಯಾ ಎಲ್ಲಿ ಹೋದ್ರೂ ಮನಷ್ಯಾನ ನೋಡ್ರಿ" ಎಂದ.

ಅಂದಿನಿಂದ ಅದೊಂದು ರೂಢಿಯಾಯಿತು. ಗಾಡಿ ಚಾಲೂ ಮಾಡುವ ಮೊದಲು ಬ್ಯಾರಲ್ ದರ ಕೇಳುತ್ತಿದ್ದ, ನಾನು ಮೊಬೈಲಿನಲ್ಲಿ ನೋಡಿ ಹೇಳುತ್ತಿದ್ದೆ. ಯಾವ ದೇಶ ಸಭೆಯಿಂದ ಎದ್ದು ಹೋಯಿತು, ಯಾವುದು ಒಪ್ಪಿತು ಎಂಬುದೆಲ್ಲ ಹಿಂದೆ ಕುಳಿತ, ಸವದತ್ತಿ ಗುಡ್ಡದ ಗುಡಿಗೆ ಹೊರಟ ಭಕ್ತರಿಗೂ ಗೊತ್ತಾಗುತ್ತಿತ್ತು. ತರಗತಿಯಲ್ಲಿ ಆಕಳಿಸುವ ಮಕ್ಕಳಿಗಿಂತ ಈ ಒಬ್ಬ ವಿದ್ಯಾರ್ಥಿ ನನಗೆ ಹೆಚ್ಚು ಹೆಮ್ಮೆ ತಂದಿದ್ದ. ಆ ಹೆಮ್ಮೆಯಲ್ಲೇ ನಾನು ಕೆಟ್ಟೆ.

ಕೊರೊನಾ ಬಂದ ವರ್ಷ ದೊಡ್ಡ ದೇಶಗಳು ಜಗಳವಾಡಿಕೊಂಡು ಎಣ್ಣೆ ಸುರಿದವು. ಅದೇ ಹೊತ್ತಿಗೆ ಜಗತ್ತು ಬಾಗಿಲು ಹಾಕಿಕೊಂಡಿತು. ಅಮೆರಿಕದಲ್ಲಿ ಒಂದು ದಿನ ದರ ಸೊನ್ನೆಗಿಂತ ಕೆಳಗಿಳಿಯಿತು. ಆ ದೇಶಗಳು ಗಾಬರಿಯಾಗಿ ಮತ್ತೆ ರಾಜಿಯಾದವು, ಉತ್ಪಾದನೆ ಇಳಿಸಿದವು. ಆದರೂ ಲಾಕ್‌ಡೌನ್ ಸಡಿಲಾಗಿ ಗಾಡಿಗಳು ಮತ್ತೆ ಹೊರಟಾಗ ಕಚ್ಚಾ ತೈಲ ಅಗ್ಗವಾಗಿಯೇ ಇತ್ತು.

ಕಾಲೇಜಿನಲ್ಲಿ ಮಕ್ಕಳಿರಲಿಲ್ಲ, ಹಾಜರಿ ಹಾಕಲು ನಾವು ಹೋಗಬೇಕಿತ್ತು. ಮೊದಲ ದಿನವೇ ಚಾಚಾ ಕೇಳಿದ. "ಎಲ್ಲಾರೂ ಸೀಟಿನ ರೇಟ್ ಏರಸೂಣು ಅನ್ನಾಕತ್ತಾರ್ರಿ. ಗುಡಿ ಬಂದ್ ಐತಿ, ಮಂದಿ ಕಡಿಮಿ. ಆದ್ರ ಮಂದೀನೂ ಭಾಳ ಸೋತಾರ. ಡೀಸೆಲ್ ಇಳಿತೈತೇನ್ರಿ?"

"ಇಳೀಲಿಕ್ಕೇ ಬೇಕು. ಇಷ್ಟ ಅಗ್ಗ ಆಗೇತಿ, ಇನ್ನೇನ ಮತ್ತ?" ಎಂದೆ.

ಸರ್ಕಾರ ತೈಲದ ಮೇಲಿನ ತೆರಿಗೆ ಏರಿಸಿದೆ ಎಂಬ ಸುದ್ದಿಯನ್ನು ನಾನು ಓದಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾದೀತು. ಅದನ್ನು ಸೇರಿಸಿದ್ದರೆ ನನ್ನ ಉತ್ತರ 'ಗೊತ್ತಿಲ್ಲ' ಎಂದಾಗುತ್ತಿತ್ತು. ಅವನ ಮುಂದೆ ಗೊತ್ತಿಲ್ಲ ಎನ್ನುವ ಅಭ್ಯಾಸ ನನಗೆ ತಪ್ಪಿಹೋಗಿತ್ತು.

ಅಂದು ಸಂಜೆ ಅವನು ಸ್ಟ್ಯಾಂಡಿನವರನ್ನೆಲ್ಲ ಒಪ್ಪಿಸಿದ. ದರ ಏರಿಸುವುದು ಬೇಡ, ಡೀಸೆಲ್ ಇಳಿಯುತ್ತದೆ, ಜನರ ದುವಾ ಸಿಗುತ್ತದೆ ಎಂದನಂತೆ. ಹಿರಿಯನ ಮಾತು ಎಂದು ಅವರೂ ತಲೆದೂಗಿದರು. ಕೆಲವೇ ದಿನಗಳಲ್ಲಿ ಡೀಸೆಲ್ ಬೆಳಗಾದರೆ ಏರತೊಡಗಿತು. ಇಂದು ಸ್ವಲ್ಪ, ನಾಳೆ ಸ್ವಲ್ಪ, ನಿಲ್ಲುವ ಲಕ್ಷಣವೇ ಕಾಣಲಿಲ್ಲ. ಹಳೆಯ ದರಕ್ಕೆ ಓಡಿದವರು ಕೈಯಿಂದ ದುಡ್ಡು ಹಾಕುವಂತಾಯಿತು.

ಒಂದು ಮುಂಜಾನೆ ನಾನು ಹೋದಾಗ ಡ್ರೈವರುಗಳು ಅವನನ್ನು ಸುತ್ತುವರಿದಿದ್ದರು. ಅವನಿಂದಲೇ ಗಾಡಿ ಕಲಿತವನೊಬ್ಬ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. "ಇಳಿತೈತಿ ಅಂತ ನಿನಗ ಯಾರ ಹೇಳಿದ್ರು? ಹೇಳ ಚಾಚಾ, ಯಾರ ಹೇಳಿದ್ರು?"

ಚಾಚಾ ತಲೆ ಎತ್ತಿದ. ಗುಂಪಿನಾಚೆ ನಿಂತಿದ್ದ ನನ್ನನ್ನು ಕಂಡ. ಒಂದೇ ಕ್ಷಣ ಅಷ್ಟೇ, ಕಣ್ಣು ಬೇರೆ ಕಡೆ ಹೊರಳಿಸಿದ.

"ಎಲ್ಲೋ ಕೇಳಿದ್ನೆಪಾ. ನಂದ ತಪ್ಪು" ಎಂದ.

ನಾಲ್ಕು ಹೆಜ್ಜೆ ಮುಂದೆ ಹೋಗಿ 'ನಾ ಹೇಳಿದ್ದು' ಎಂದಿದ್ದರೆ ಸಾಕಿತ್ತು. ಕಾಲೇಜಿನ ಬಾಯಾರಿಗೇ ತಿಳಿಯಲಿಲ್ಲ ಎಂದು ಅವರು ನಕ್ಕಾರು ಎಂಬ ಅಂಜಿಕೆ ಬಂತು. ಮುಖದ ಮಾಸ್ಕನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡು ಬಸ್ ನಿಲ್ದಾಣದ ಕಡೆ ನಡೆದೆ.

ಅದಾದ ಮೇಲೆ ಪಾಳಿ ಮುರಿಯಿತು. ಯಾರಿಗೆ ಬೇಕಾದಾಗ ಅವರು ಗಾಡಿ ಬಿಡತೊಡಗಿದರು, ನಡುದಾರಿಯಲ್ಲಿ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆದುಕೊಂಡರು. ಅವನ ಮಾತನ್ನು ಕೇಳುವವರಿರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಅವನು ಗಾಡಿ ಮಾರಿ ಊರು ಬಿಟ್ಟ ಎಂದು ತಿಳಿಯಿತು. ಅಷ್ಟು ತಿಂಗಳು ನಾನು ಬಸ್ಸಿನಲ್ಲೇ ಓಡಾಡಿದ್ದೆ, ಒಮ್ಮೆಯೂ ಅವನ ಮನೆಗೆ ಹೋಗಲಿಲ್ಲ.

ಕಳೆದ ವರ್ಷ ಸಂಬಂಧಿಕರ ಮದುವೆಗೆಂದು ರಾಮದುರ್ಗಕ್ಕೆ ಹೋಗಿದ್ದೆ. ಮರಳುವಾಗ ಬಸ್ ನಿಲ್ದಾಣದ ಎದುರು ಒಂದು ಟೆಂಪೊದಿಂದ ಸೀರೆಯ ಗಂಟು ಇಳಿಸುತ್ತಿದ್ದವನು ಚಾಚಾ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಮಗ್ಗದ ಮಾಲೀಕರೊಬ್ಬರ ಗಾಡಿ ಓಡಿಸುತ್ತಿದ್ದನಂತೆ. "ಬರ್ರಿ ಬಾಯಾರ, ಆರಾಮದೀರೇನ್ರಿ?" ಎಂದು ಅದೇ ಹಳೆಯ ದನಿಯಲ್ಲಿ ಕರೆದು ಚಹಾ ತರಿಸಿದ.

ನಾನು ಚಹಾ ಮುಟ್ಟದೆ ಹೇಳಿದೆ. "ಚಾಚಾ, ಅವತ್ತ ನಾ ಬಾಯಿ ಬಿಡಬೇಕಾಗಿತ್ತು."

ಅವನು ತನ್ನ ಚಹಾದ ಲೋಟವನ್ನು ಬೆರಳಲ್ಲಿ ತಿರುಗಿಸುತ್ತ ಕುಳಿತ.

"ನೀವು ಹೇಳಿದ್ರೂ ಅವರೇನ್ ಸುಮ್ಮಾಗ್ತಿರಲಿಲ್ರಿ. ಸಿಟ್ಟನ್ಯಾಗ ಇದ್ರು." ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದ. "ಆದ್ರ ನೀವು ಹೇಳಿದ್ರ ನನಗ ಚಲೋ ಅನಸ್ತಿತ್ರಿ."

ನಾನು ಆರಿದ ಚಹಾ ಎತ್ತಿಕೊಂಡು ಕುಡಿದೆ. ಸವದತ್ತಿ ಮೇಲೆ ನಮ್ಮೂರಿಗೆ ಹೋಗುವ ಬಸ್ ಬಂತು. ನನ್ನ ಚೀಲವನ್ನು ಅವನೇ ಎತ್ತಿ ಕಿಟಕಿಯಿಂದ ಒಳಗೆ ಕೊಟ್ಟ. "ಹೋಗಿ ಬರ್ರಿ" ಎಂದವನು ಬಸ್ ಹೊರಡುವ ಮೊದಲೇ ತಿರುಗಿ, ಉಳಿದ ಗಂಟುಗಳನ್ನು ಇಳಿಸತೊಡಗಿದ.