ಕೆಳಗಿನ ಮನೆಯ ಬಾಗಿಲಿಗೆ ಹಚ್ಚಿದ ಕುಂಕುಮ

ಗೊಂಬೆ ಕೂರಿಸುವ ದಿನ ಬೆಳಗಿನಿಂದಲೇ ನನಗೊಂದು ಥ್ರಿಲ್, ಈ ವಯಸ್ಸಿನಲ್ಲೂ. ಕಾನ್ವೆಂಟಿನ ಸ್ಕೂಲ್ ಡೇ ದಿನ ಪರದೆ ಏಳುವ ಮುಂಚೆ ಸಂದಿಯಿಂದ ಇಣುಕಿ ನೋಡುತ್ತಿದ್ದೆವಲ್ಲ, ಅದೇ. "ಗರ್ಲ್ಸ್, ಡೆಕೋರಮ್" ಅಂತ ಸಿಸ್ಟರ್ ಕಣ್ಣು ಬಿಡುತ್ತಿದ್ದರು. ಮೈಸೂರು ಬಿಟ್ಟು ಜರ್ಮನಿಯ ಆಖೆನ್‌ನಲ್ಲಿ ಅರ್ಧ ಆಯಸ್ಸು ಕಳೆದೆ, ಆ ಡೆಕೋರಮ್ ಮಾತ್ರ ನನಗೆ ಇನ್ನೂ ಒಗ್ಗಿಲ್ಲ.

ಇಲ್ಲಿನ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆಗಿದ್ದ ನಮ್ಮ ಯಜಮಾನರ ದಪ್ಪದಪ್ಪ ಪುಸ್ತಕಗಳೇ ಗೊಂಬೆಗೆ ಮೆಟ್ಟಿಲು. ಮೇಲೊಂದು ಬಿಳಿ ಪಂಚೆ ಹಾಸಿದರೆ ಮುಗಿಯಿತು. ಅವರು ಹೋದ ಮೇಲೆ ಆ ಪುಸ್ತಕಗಳಿಗೆ ವರ್ಷಕ್ಕೊಮ್ಮೆ ಇದೊಂದೇ ಕೆಲಸ. ಗೊಂಬೆಗಳ ಕೆಳಗಿನ ಪುಟ್ಟ ಪಾರ್ಕು ನನ್ನ ಹತ್ತಿರವೇ ಬೆಳೆದ ಮೊಮ್ಮಗಳ ಡಿಪಾರ್ಟ್‌ಮೆಂಟು. ನಮ್ಮೂರಲ್ಲಿ ತಟ್ಟೆಯಲ್ಲಿ ರಾಗಿ ಪೈರು ಬೆಳೆಸುತ್ತಿದ್ದೆವು. ಇಲ್ಲಿ ಸೂಪರ್‌ಮಾರ್ಕೆಟ್ಟಿನ ಕ್ರೆಸ್ಸೆ ಅನ್ನುವ ಸೊಪ್ಪಿನ ಬೀಜ ಹತ್ತಿಯ ಮೇಲೆ ಉದುರಿಸಿದರೆ ವಾರದಲ್ಲಿ ಹಸಿರು.

ಈ ಸಲ ಆ ಹಸಿರಿನ ನಡುವೆ ಅವಳು ಕರ್ಚೀಫು ಮಡಚಿ ಪುಟ್ಟಪುಟ್ಟ ಟೆಂಟು ನಿಲ್ಲಿಸಿದ್ದಳು. ಬೇಸಿಗೆಯಲ್ಲಿ ಅವಳೂ ಅವಳ ಕ್ಲಾಸಿನವರೂ ಗಾಜಾದ ಯುದ್ಧ ನಿಲ್ಲಲಿ ಅಂತ ಯೂನಿವರ್ಸಿಟಿಯ ಮುಂದೆ ಹಾಕಿಕೊಂಡಿದ್ದ ಟೆಂಟುಗಳು. ಪೊಲೀಸರು ಎಬ್ಬಿಸಿದರು, ಇವಳ ಹೆಸರು ಬರೆದುಕೊಂಡರು. ಇನ್ನೊಂದು ಕಂಪ್ಲೇಂಟ್ ಬಂದರೆ ಓದಿಗೇ ಕುತ್ತು ಅಂತ ಕಾರು ಕಂಪನಿಯಲ್ಲಿ ಎಂಜಿನಿಯರ್ ಆಗಿರುವ ನನ್ನ ಮಗನದು ದೂರದ ಬೊಬ್ಲಿಂಗೆನ್‌ನಿಂದ ದಿನಾ ಫೋನು. "ಅಮ್ಮಾ, ಸ್ವಲ್ಪ ಬುದ್ಧಿ ಹೇಳು." ನಿನ್ನ ಮಗಳಿಗೆ ನೀನೇ ಹೇಳಪ್ಪ ಅಂದೆ.

ನನ್ನ ತಳಮಳ ಬೇರೆಯೇ ಇತ್ತು. ಕೆಳಗಿನ ಮನೆಯಾಕೆ ಈ ವರ್ಷ ಬರುತ್ತಾಳೋ ಇಲ್ಲವೋ.

ಆಕೆ ನನ್ನದೇ ವಯಸ್ಸಿನ ಯೆಹೂದಿ ಹೆಂಗಸು. ಸೋವಿಯತ್ ದೇಶ ಒಡೆದಾಗ ಉಕ್ರೇನಿನ ಒಡೆಸ್ಸಾದಿಂದ ಬಂದವಳು, ಪಿಯಾನೋ ಟೀಚರ್. "ಮೇಲಿನ ಮನೆಯವರೇ, ನಿಮ್ಮ ಅಡುಗೆಮನೆಗೆ ಮಾಂಸವೇ ಬರಲ್ಲ, ನಮ್ಮ ಗುರುಗಳು ರಬ್ಬಿಯೂ ತಕರಾರು ಮಾಡುವ ಹಾಗಿಲ್ಲ" ಅನ್ನುತ್ತಾ ನಮ್ಮಲ್ಲಿ ಉಸಲಿಯನ್ನು ಎರಡೆರಡು ಸಲ ಬಡಿಸಿಕೊಂಡು ತಿನ್ನುತ್ತಿದ್ದವಳು. ಪ್ರತಿ ವರ್ಷ ಮೊಮ್ಮಗಳು ಬೆಳ್ಳಿ ಬಟ್ಟಲು ಹಿಡಿದು ಹೋಗಿ ಆಕೆಯ ಹಣೆಗೆ ಕುಂಕುಮ ಇಟ್ಟು "ಗೊಂಬೆ ಕೂರ್ಸಿದೀವಿ, ಬನ್ನಿ" ಅಂತ ಕರೆಯಬೇಕು. ಅದಿಲ್ಲದೆ ಆಕೆ ಮೆಟ್ಟಿಲು ಹತ್ತುತ್ತಿರಲಿಲ್ಲ. ಗಂಡ ಹೋದವಳು ಕುಂಕುಮ ಹಿಡಿದು ಕರೆಯಬಾರದು ಅನ್ನುವುದು ನಮ್ಮತ್ತೆಯ ರೂಲು. ನಾನು ಪಾಲಿಸುತ್ತಿದ್ದುದು ಮೊಣಕಾಲು ನೋವಿಗೆ. ಆಕೆಯೂ ಗಂಡನಿಲ್ಲದವಳೇ. ಒಡೆಸ್ಸಾಕ್ಕೆ ನಮ್ಮತ್ತೆಯ ಜೂರಿಸ್‌ಡಿಕ್ಷನ್ ಇಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ.

ಮೊಮ್ಮಗಳು ಧ್ವನಿವರ್ಧಕ ಹಿಡಿದು ಕೂಗುತ್ತಿದ್ದ ಫೋಟೋ ಊರಿನ ಪೇಪರಿನಲ್ಲಿ ಬಂದ ಮೇಲೆ ಆಕೆ ಮಾತು ಬಿಟ್ಟಳು. ನೆಲಮಾಳಿಗೆಯ ವಾಷಿಂಗ್ ಮೆಷಿನ್ ಹತ್ತಿರ ಸಿಕ್ಕಾಗ ಒಂದೇ ಸಲ ಬಾಯಿ ಬಿಟ್ಟದ್ದು. "ಮಗ ಮ್ಯೂನಿಕ್‌ಗೆ ಬಂದುಬಿಡು ಅಂತಿದ್ದಾನೆ. ನಮ್ಮ ಪ್ರಾರ್ಥನೆಯ ಸಿನಗಾಗ್ ಮುಂದೆ ಯಾವಾಗಲೂ ಪೊಲೀಸ್ ಕಾರು. ಟ್ರ್ಯಾಮಿನಲ್ಲಿ ಕತ್ತಿನ ಸರದ ಯೆಹೂದಿ ನಕ್ಷತ್ರ ಒಳಗೆ ಸೇರಿಸ್ಕೋತೀನಿ. ಈ ವಯಸ್ಸಿಗೆ ಇದೆಲ್ಲ ಯಾಕೆ ಬೇಕು?"

"ಗೊಂಬೆಗೆ ಬರ್ತೀರಲ್ಲ?"

"ಹುಡುಗಿ ಕರೆಯೋಕೆ ಬಂದರೆ ನೋಡೋಣ."

ಅಷ್ಟು ಸಾಕಾಗಿತ್ತು ನನಗೆ. ಸಂಜೆ ಮೊಮ್ಮಗಳ ಕೈಗೆ ಬಟ್ಟಲು ಕೊಟ್ಟು ಕಳಿಸಿದೆ. ಮೆಟ್ಟಿಲ ಮೇಲೆ ಚಳಿ ಅಂತ ಅವಳು ಹೆಗಲಿಗೆ ಆ ಕಪ್ಪು ಬಿಳಿ ಚೌಕಳಿಯ ಪ್ಯಾಲೆಸ್ಟೈನ್ ಶಾಲು ಎಳೆದುಕೊಂಡು ಹೋದದ್ದನ್ನು ಕಡಲೆಕಾಳಿನ ಒಗ್ಗರಣೆಯ ಗಡಿಬಿಡಿಯಲ್ಲಿ ನಾನು ನೋಡಲಿಲ್ಲ.

ಹೋದಷ್ಟೇ ಬೇಗ ವಾಪಸ್ ಬಂದಳು. "ಅಜ್ಜಿ, ಶಿ ಇಸ್ ನಾಟ್ ಅಟ್ ಹೋಮ್. ಬೆಲ್ ಮಾಡ್ದೆ."

"ಅಯ್ಯೋ, ಕರೆಯದೆ ಬಂದ್ಯಾ?"

"ಇಲ್ಲ ಅಜ್ಜಿ. ನೀನು ಹೇಳಿಕೊಟ್ಟಿದ್ಯಲ್ಲ, ಮನೇಲಿ ಇಲ್ದಿದ್ರೆ ಬಾಗಿಲಿಗೆ ಹಚ್ಚಿ ಬಾ ಅಂತ. ಹಚ್ಚಿ ಬಂದೆ."

ಭೇಷ್ ಅಂದೆ. ನಮ್ಮ ಕಡೆ ಬೀಗ ಹಾಕಿದ್ದರೆ ಬೀಗಕ್ಕೇ ಅರಿಶಿನ ಕುಂಕುಮ ಹಚ್ಚಿ ಬರುವುದು ವಾಡಿಕೆ. ಮನೆಯವರು ಬಂದು ನೋಡಿ ಯಾರೋ ಕರೆದು ಹೋದರು ಅಂದುಕೊಳ್ಳುತ್ತಾರೆ. ನಾನು ಒಗ್ಗರಣೆಗೆ ಇಂಗು ಹಾಕಿದೆ.

ಸ್ವಲ್ಪ ಹೊತ್ತಿಗೆ ಬಾಲ್ಕನಿಯಿಂದ ನೋಡುತ್ತೇನೆ, ಕೆಳಗೆ ಪೊಲೀಸ್ ಕಾರು. ಮೆಟ್ಟಿಲಲ್ಲಿ ಬೂಟಿನ ಸದ್ದು. ಆಮೇಲೆ ಆಕೆಯ ಧ್ವನಿ, ಜರ್ಮನ್ನೂ ರಷ್ಯನ್ನೂ ಕಲಸಿಕೊಂಡು. ಆಗ ಹೊಳೆಯಿತು. ಹಿಟ್ಲರನ ಕಾಲದಲ್ಲಿ ಯೆಹೂದಿಗಳ ಅಂಗಡಿಗಳಿಗೆ ಗುರುತು ಬಳಿದ ಈ ದೇಶದಲ್ಲಿ, ಒಬ್ಬ ಯೆಹೂದಿ ಹೆಂಗಸಿನ ಬಾಗಿಲಿಗೆ, ಕೆಂಪು ಗುರುತು. ಅದನ್ನು ಮಾಡಿ ಬಂದವಳ ಹೆಗಲ ಮೇಲೆ ಆ ಶಾಲು.

ಕುಂಕುಮದ ಬಟ್ಟಲು ಎತ್ತಿಕೊಂಡೆ, ಮೊಮ್ಮಗಳ ರಟ್ಟೆ ಹಿಡಿದೆ, ಇಳಿದೆ. ಮೊಣಕಾಲು ಎಲ್ಲಿತ್ತೋ ನೆನಪಿಲ್ಲ.

ಇಬ್ಬರು ಪೊಲೀಸರು, ಮೀಸೆ ಸರಿಯಾಗಿ ಮೂಡದವರು. ಒಬ್ಬ ಫೋಟೋ ತೆಗೆಯುತ್ತಿದ್ದ. ಬಿಳಿ ಚೌಕಟ್ಟಿನ ಮೇಲೆ ಹಳದಿಯ ಬೊಟ್ಟು, ಅದರ ಮೇಲೆ ಉದ್ದಕ್ಕೆ ಎಳೆದ ಕೆಂಪು ಗೆರೆ. ಆಕೆ ಬಾಗಿಲ ಸಂದಿಯಲ್ಲಿ ಕಾರ್ಡಿಗನ್ ಬಿಗಿಹಿಡಿದು ನಿಂತಿದ್ದಳು. ಮನೆಯಲ್ಲೇ ಇದ್ದಳು. ಬಾಗಿಲ ಕಣ್ಣಿನಿಂದ ಶಾಲು ನೋಡಿ ತೆಗೆದಿರಲಿಲ್ಲ.

"ಇದು ಪೇಂಟಾ?" ಪೊಲೀಸಿನವನು ಕೇಳಿದ.

"ಅಲ್ಲಪ್ಪ, ಇನ್ವಿಟೇಶನ್ನು" ಅಂದೆ. ಗಾಬರಿಯಲ್ಲಿ ಕನ್ನಡದಲ್ಲೇ ಅಂದುಬಿಟ್ಟಿದ್ದೆ. ಆಮೇಲೆ ಜರ್ಮನ್‌ನಲ್ಲಿ ಅರಿಶಿನ, ಕುಂಕುಮ, ಗೊಂಬೆ, ಬೀಗ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅವನು ನನ್ನನ್ನು ನೋಡಿದ, ಹುಡುಗಿಯ ಶಾಲು ನೋಡಿದ, ಒಂದಕ್ಕೊಂದು ತಾಳೆಯಾಗಲಿಲ್ಲ. ಆಕೆಯ ಕಡೆ ತಿರುಗಿ ಕೇಳಿದ, "ದೂರು ಕೊಡ್ತೀರಾ?"

ಆಕೆ ಮೊಮ್ಮಗಳನ್ನೇ ನೋಡುತ್ತಾ, "ಬಾಗಿಲು ಇಷ್ಟು ದೊಡ್ಡದಿದೆ. ಅಲ್ಲೇ ಯಾಕೆ ಹಚ್ಚಿದೆ?" ಅಂದಳು.

ಆಗಲೇ ನಾನೂ ಗಮನಿಸಿದ್ದು. ಗೆರೆಯ ಮೇಲೊಂದು ಕೆಳಗೊಂದು ಮೊಳೆಯ ತೂತು. ಅಲ್ಲಿ ಮೊದಲು ಬೆರಳುದ್ದದ ಒಂದು ಡಬ್ಬಿ ಇರುತ್ತಿತ್ತು, ಒಳಗೆ ಅವರ ಪ್ರಾರ್ಥನೆಯ ಸುರುಳಿ. ಹೋಗುವಾಗ ಬರುವಾಗ ಅದನ್ನು ಮುಟ್ಟಿ ಕೈಗೆ ಮುತ್ತಿಡುತ್ತಿದ್ದಳು. ಈಗ ಬಿಚ್ಚಿ ಒಳಗಿಟ್ಟಿದ್ದಳು.

"ಅಲ್ಲಿ ನಿಮ್ಮ ಡಬ್ಬಿ ಇತ್ತಲ್ಲ ಒಮಾ" ಅಂದಳು ಮೊಮ್ಮಗಳು. ಒಮಾ ಅಂದರೆ ಇಲ್ಲಿಯವರ ಅಜ್ಜಿ, ಚಿಕ್ಕಂದಿನಿಂದ ಆಕೆಯನ್ನು ಕರೆಯುತ್ತಿದ್ದುದೇ ಹಾಗೆ. "ನೀವೇ ನನ್ನನ್ನ ಎತ್ಕೊಂಡು ಮುಟ್ಟಿಸ್ತಿದ್ರಿ. ದೇವರ ಜಾಗ ಅಂತ ಅಲ್ಲೇ ಹಚ್ಚಿದೆ."

ಆಕೆ ಬೆರಳಿನಿಂದ ಕೆಂಪನ್ನು ಮುಟ್ಟಿ ಮೂಗಿನ ಹತ್ತಿರ ಹಿಡಿದಳು. ವರ್ಷವರ್ಷವೂ ತನ್ನ ಹಣೆಯಿಂದ ಮೂಗಿನ ಮೇಲೆ ಉದುರುತ್ತಿದ್ದ ಪುಡಿ ಅದು. "ದೂರು ಇಲ್ಲ" ಅಂದಳು. ಪೊಲೀಸರು ಇಳಿದು ಹೋದರು.

"ಡಬ್ಬಿ ಯಾಕೆ ತೆಗೆದೆ ಅಂತ ನೀನು ಕೇಳಲೇ ಇಲ್ಲ" ಅಂದಳು ಆಕೆ.

"ತೆಗೆದದ್ದು ಗೊತ್ತಿತ್ತು. ಯಾಕೆ ಅಂತ..." ಹುಡುಗಿ ತಡವರಿಸಿದಳು. "ನೀವೂ ಕೇಳಲಿಲ್ಲ ಒಮಾ. ನನ್ನ ಕ್ಲಾಸಿನವನ ಅಮ್ಮನ ಮನೆಯವರು ಯಾರೂ ಉಳಿದಿಲ್ಲ, ಗಾಜಾದಲ್ಲಿ. ಈ ಶಾಲು ಅವನದು."

"ನನ್ನ ತಂಗಿಯ ಮೊಮ್ಮಗ ಅಲ್ಲಿ ಇಸ್ರೇಲ್ ಸೈನ್ಯದಲ್ಲಿದ್ದಾನೆ. ನಿನ್ನಷ್ಟೇ ವಯಸ್ಸು."

"ಅವನ ಮೇಲೆ ನನಗೆ ಕೋಪ ಇದೆ."

"ನನಗೂ ಇದೆ. ಅದಕ್ಕೂ ನನ್ನ ಬಾಗಿಲಿಗೂ ಏನು ಸಂಬಂಧ? ಟ್ರ್ಯಾಮಿನಲ್ಲಿ ನನ್ನನ್ನ ಕೊಲೆಗಾರ್ತಿ ಅಂದವನೂ ಇಂಥದೇ ಶಾಲು ಹಾಕಿದ್ದ."

ಹುಡುಗಿ ಶಾಲು ತೆಗೆಯುತ್ತಾಳೇನೋ ಅಂದುಕೊಂಡೆ. ತೆಗೆಯಲಿಲ್ಲ. "ನಾನಿದ್ದಿದ್ರೆ ಅವನನ್ನ ಟ್ರ್ಯಾಮಿನಿಂದ ಇಳಿಸ್ತಿದ್ದೆ" ಅಂದಳು, ಕಣ್ಣಲ್ಲಿ ನೀರು.

ಆಕೆ ಒಳಗೆ ಹೋಗಿ ಸೋಪಿನ ನೀರು, ಬಟ್ಟೆ ತಂದು ಅವಳ ಕೈಗೆ ಕೊಟ್ಟಳು. ಹುಡುಗಿ ಉಜ್ಜಿದಳು. ಕುಂಕುಮ ಅಷ್ಟು ಸುಲಭಕ್ಕೆ ಹೋಗುತ್ತದೆಯೇ, ಗುಲಾಬಿ ಕಲೆ ಉಳಿಯಿತು.

"ಈಗ ಸರಿಯಾಗಿ ಕರಿ" ಅಂದಳು ಆಕೆ, ಹಣೆ ಮುಂದೆ ಮಾಡಿ.

ಹುಡುಗಿ ಒದ್ದೆ ಬೆರಳಿನಿಂದಲೇ ಕುಂಕುಮ ಹಚ್ಚಿದಳು. "ಗೊಂಬೆ ಕೂರ್ಸಿದೀವಿ, ಬನ್ನಿ."

ಬಂದಳು. ಉಸಲಿಯ ತಟ್ಟೆ ಹಿಡಿದು ಪಾರ್ಕಿನ ಮುಂದೆ ಕೂತ ಮೇಲೆ ಟೆಂಟುಗಳು ಕಣ್ಣಿಗೆ ಬಿದ್ದವು, ಮತ್ತೆ ಶುರುವಾಯಿತು. ಒಬ್ಬಳು ಜರ್ಮನ್‌ನಲ್ಲಿ ಜಾಡಿಸುತ್ತಾಳೆ, ಇನ್ನೊಬ್ಬಳು ಬಾಯಿ ತುಂಬ ಕಡಲೆಕಾಳು ಇಟ್ಟುಕೊಂಡು ತಿರುಗಿಸಿ ಕೊಡುತ್ತಾಳೆ. ಒಪ್ಪಿದ್ದು ಒಂದೂ ಇಲ್ಲ. ನಾನು ಮಧ್ಯೆ ಮಧ್ಯೆ ಉಪ್ಪು ಸಾಕಾ ಅಂತ ಕೇಳುತ್ತಾ ಓಡಾಡಿದೆ. ಬೇಸಿಗೆಯಿಂದ ಈ ಮನೆಯಲ್ಲಿ ಇಷ್ಟು ಗಲಾಟೆ ಕೇಳಿರಲಿಲ್ಲ, ಅಷ್ಟು ಖುಷಿ ನನಗೆ. ಮ್ಯೂನಿಕ್ ವಿಷಯ ಎತ್ತಲು ಧೈರ್ಯ ಬರಲಿಲ್ಲ.

ಹೊರಡುವಾಗ ಬಾಗಿಲ ಹತ್ತಿರ ನಿಂತು ಆಕೆಯೇ ಮೊಮ್ಮಗಳಿಗೆ ಹೇಳಿದಳು. "ಮುಂದಿನ ವರ್ಷ ನಾನು ತೆಗೀಲಿಲ್ಲ ಅಂದ್ರೆ ಬೆಲ್ ಒತ್ತುತ್ತಾನೇ ಇರು. ಒಳಗೇ ಇರ್ತೀನಿ."