ವಿಭೂತಿ ಹಚ್ಚಿದ ಮರಳುಗಲ್ಲು

ಕುಣಿಗಲ್ಲಿನಿಂದ ಬೆಳಗ್ಗೆ ಆರಕ್ಕೆ ಹೊರಟೆ. ಜನವರಿಯ ಚಳಿ, ಬಸ್ಸಿನ ಕಿಟಕಿ ಏನು ಮಾಡಿದರೂ ಮುಚ್ಚಲಿಲ್ಲ. ಹೆಂಗಸರಿಗೆ ಟಿಕೆಟ್ ಸೊನ್ನೆ ರೂಪಾಯಿ, ಹಾಗಾಗಿ ದೂರು ಹೇಳುವ ಮುಖವೂ ನನಗಿರಲಿಲ್ಲ. ತುಮಕೂರಿನಲ್ಲಿ ಇಳಿದು ಎರಡು ತಟ್ಟೆ ಇಡ್ಲಿ ತಿಂದೆ. ಅಲ್ಲಿಂದ ಗುಬ್ಬಿಗೆ ಇಪ್ಪತ್ತು ಕಿಲೋಮೀಟರ್, ಗುಬ್ಬಿಯಿಂದ ಹಾಗಲವಾಡಿಗೆ ಇನ್ನೊಂದು ಬಸ್ಸು.

ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವವಳು. ಪಿಎಚ್.ಡಿ. ಎಂಬ ಮೂಟೆಯನ್ನು ಆರು ವರ್ಷದಿಂದ ಹೊರುತ್ತಿದ್ದೇನೆ. ಹಾಗಲವಾಡಿ ಕಡೆಯ ಒಂದು ಗುಡ್ಡದ ಕಲ್ಲು ಒಂದು ಕಾಲಕ್ಕೆ ಬರಿಯ ಮರಳು. ಆಮೇಲೆ ಮರಳುಗಲ್ಲಾಗಿ, ನೆಲದೊಳಗೆ ಬೆಂದು ಗಟ್ಟಿಯಾಗಿದೆ. ಆ ಮರಳು ಯಾವ ಬಂಡೆ ಸವೆದು ಬಂತು, ಆಗಿನ ಮಳೆ ಬಿಸಿಲು ಹೇಗಿತ್ತು ಎಂಬುದೆಲ್ಲ ಅದರ ರಸಾಯನದಲ್ಲಿ ಉಳಿದಿರುತ್ತದೆ. ಮಳೆ ಜೋರಾಗಿದ್ದರೆ ಸುಣ್ಣದಂಶ, ಪೊಟ್ಯಾಶಿಯಂ ತೊಳೆದುಹೋಗಿ ಅಲ್ಯೂಮಿನಿಯಂ ಉಳಿಯುತ್ತದೆ. ಹಿಂದಿನ ಸಲ ನಾನು ಕೊಟ್ಟ ಕಲ್ಲುಗಳ ಮೈಯನ್ನು ಈಗಿನ ಮಳೆ ಬಿಸಿಲೇ ತಿಂದಿತ್ತೆಂದು ಪ್ರಯೋಗಾಲಯದವರು ವಾಪಸು ಮಾಡಿದ್ದರು. ಈ ಸಲ ಅಲ್ಲಿ ಕಲ್ಲು ಪರೀಕ್ಷೆಗೆ ನನ್ನ ಸರದಿ ಮಾರನೆಯ ದಿನವೇ. ಅದು ತಪ್ಪಿದರೆ ಪ್ರಬಂಧದ ಗಡುವೂ ತಪ್ಪುತ್ತಿತ್ತು.

ಗುಡ್ಡದ ಬುಡದಲ್ಲಿ ಗಂಗಮ್ಮನವರ ಮನೆ. ನಮ್ಮ ಕಾಲೇಜಿನ ಅಟೆಂಡರ್‌ಗೆ ಅವರು ಸೋದರತ್ತೆ. ಅರವತ್ತು ದಾಟಿದ್ದರೂ ನನಗಿಂತ ಮುಂದೆ ಗುಡ್ಡ ಹತ್ತಿದರು. ನಾಲ್ಕು ಗಂಟೆ ಹುಡುಕಿ, ಒಡೆದು, ಐದು ಒಳ್ಳೆಯ ಕಲ್ಲು ಆರಿಸಿದೆ. ಇಳಿದು ಬಂದು ಮುದ್ದೆ, ಅವರೆಕಾಳು ಸಾರು ಉಂಡಾಗ ಎರಡು ಗಂಟೆ. ಕಲ್ಲುಗಳನ್ನು ಜಗಲಿಯ ಮೇಲಿಟ್ಟು, ಒಂದು ಗಳಿಗೆ ಅಂತ ಒರಗಿದವಳು ನಿದ್ದೆ ಹೋದೆ.

ಎದ್ದು ನೋಡಿದರೆ ಐದೂ ಕಲ್ಲುಗಳು ಮಿಂದು, ಮೂರು ಬೆರಳಿನ ವಿಭೂತಿ ಹಚ್ಚಿಸಿಕೊಂಡು, ತಲೆಗೊಂದೊಂದು ಸೇವಂತಿಗೆ ಇಟ್ಟುಕೊಂಡು ದೇವರ ಗೂಡಿನ ಮುಂದೆ ಕೂತಿದ್ದವು.

"ಬೆಳ್ಳಗೆ ಒಳೀತಿದ್ವು ಮೇಡಮ್ನೋರೆ. ಕುಣಿಗಲ್ನಿಂದ ಬಂದು ತಗಂಡೋಗ್ತಾವ್ರೆ ಅಂದ್ರೆ ದೇವ್ರ ಮನೆಗೇ ಇರ್ಬೇಕು ಅಂದ್ಕಂಡೆ," ಎಂದರು ಗಂಗಮ್ಮ.

ವಿಭೂತಿ ಎಂದರೆ ಸಗಣಿಯ ಬೂದಿ. ಬೂದಿಯಲ್ಲಿ ಸುಣ್ಣದಂಶವೂ ಪೊಟ್ಯಾಶಿಯಮ್ಮೂ ತುಂಬಿವೆ, ನಾನು ಅಳೆಯಬೇಕಾದವೂ ಅವೇ. ಅಳು ಬಂತು. ಮತ್ತೆ ಗುಡ್ಡ ಹತ್ತಲು ಹೊತ್ತಿರಲಿಲ್ಲ, ನಾಲ್ಕೂವರೆಯದು ಕೊನೆಯ ಬಸ್ಸು. ಹೊರಮೈ ಒಡೆದು ತೆಗೆದರೆ ಒಳಗಿನದು ಸಿಗುತ್ತದೆ ಎಂದು ಸುತ್ತಿಗೆ ಎತ್ತಿದೆ. ಗಂಗಮ್ಮ ಕೈ ಹಿಡಿದರು.

"ಇಬೂತಿ ಹಚ್ಚಿ ಕೈ ಮುಗ್ದಾಗದೆ. ಇನ್ನು ಅದು ಕಲ್ಲಲ್ಲ. ಅದ್ಕೆ ಸುತ್ಗೆ ಹಾಕ್ತೀರಾ?"

ವಾದ ಮಾಡಲು ನನಗೆ ಮನಸ್ಸಾಗಲಿಲ್ಲ. ಪಕ್ಕದಲ್ಲಿ ಕೂತು ಇದ್ದದ್ದನ್ನೇ ಹೇಳಿದೆ. "ಈ ಕಲ್ಲು ಮರಳಾಗಿದ್ದಾಗ ಇಲ್ಲಿ ಜನ ಇರ್ಲಿಲ್ಲ ಅಮ್ಮ. ಗಿಡ, ಹುಲ್ಲು ಏನೂ ಇರ್ಲಿಲ್ಲ. ಆವತ್ತಿನ ಮಳೆ ಹೆಂಗಿತ್ತು ಅಂತ ಹೇಳೋಕೆ ಇರೋದು ಇದೊಂದೇ."

ಅವರು ಒಂದು ಕಲ್ಲನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಒಡೀದೆ ಇದ್ರೆ ಮಳೆ ಸಂಗ್ತಿ ಏಳಾಕಿಲ್ವಾ?"

"ಇಲ್ಲಮ್ಮ."

ಐದಕ್ಕೂ ಹಣೆ ಮುಟ್ಟಿಸಿ, ನನ್ನ ಕೈಯಿಂದ ಸುತ್ತಿಗೆ ಕಿತ್ತುಕೊಂಡರು. "ಹಚ್ಚಿದೋಳು ನಾನು, ಒಡೆಯೋಳೂ ನಾನೇ. ದೋಸ ಬಂದ್ರೆ ನಂಗೇ ಬರ್ಲಿ ಬುಡಿ. ನೀವು ಓದೋರು."

ಎಲ್ಲಿ ಹೊಡೆಯಬೇಕೆಂದು ತೋರಿಸಿದೆ. ಒಂದೊಂದು ಏಟಿಗೂ ಶಿವ ಶಿವ ಎನ್ನುತ್ತಾ ಹೊಡೆದರು. ಒಂದು ಏಟೂ ತಪ್ಪಲಿಲ್ಲ. ಒಳಗಿನ ಶುದ್ಧ ಚೂರುಗಳನ್ನು ನಾನು ಕಾಗದದಲ್ಲಿ ಸುತ್ತಿಕೊಂಡೆ. ವಿಭೂತಿಯಿದ್ದ ಹೊರಚೂರುಗಳನ್ನು ಅವರು ಒಂದೂ ಬಿಡದೆ ಸೆರಗಿಗೆ ತುಂಬಿಕೊಂಡು ಗೂಡಿನಲ್ಲಿಟ್ಟರು. ಅಷ್ಟು ಹಗುರಾದ ಮನಸ್ಸು ನನಗೆ ಈ ಆರು ವರ್ಷದಲ್ಲಿ ಇರಲಿಲ್ಲ.

ಬಸ್ಸು ಬಂದಾಗ ಚೀಲ ಎತ್ತಿ ಕಿಟಕಿಯಿಂದ ಅವರೇ ಕೊಟ್ಟರು.

"ಆವತ್ತಿನ ಮಳೆ ಎಂಗಿತ್ತು ಅಂತ ಗೊತ್ತಾದ್ರೆ ಫೋನ್ ಮಾಡಿ," ಎಂದರು. "ದೇವ್ರ ಮುಂದೆ ಏಳ್ಬೇಕು, ಸುಮ್‌ಸುಮ್ನೆ ಒಡೀಲಿಲ್ಲ ಅಂತ."